ನಡುಚಳಿಯ ಮಂದ ಮೀನಿಗೆ ಗಾಳ: ಮಾಡಬೇಕಾದ್ದು, ಮಾಡಬಾರದ್ದು

ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್ ಸೀಮೆಯಲ್ಲಿ ನೆಲೆಸಿ, ಹೆಪ್ಪುಗಟ್ಟಿದ ಕೆರೆಯ ಮೇಲೆ ಕೂತು ಗಾಳ ಹಾಕುವುದನ್ನು ಕಲಿತಿರುವ, ಕಲಿಯುತ್ತಿರುವ ಕನ್ನಡಿಗರಿಗೆ ಈ ಸೂಚನೆ. ವಾಲ್‌ಐ, ಪೈಕ್‌ನಂಥ ದೊಡ್ಡ ಮೀನಿನ ಮಾತು ಇಲ್ಲಿಲ್ಲ. ಬ್ಲೂಗಿಲ್, ಕ್ರ್ಯಾಪಿ, ಹಳದಿ ಪರ್ಚ್, ಅಂದರೆ ಇಲ್ಲಿಯವರು ಒಟ್ಟಾಗಿ ಪ್ಯಾನ್‌ಫಿಶ್ ಎನ್ನುವ ಅಂಗೈ ಅಗಲದ ಮೀನುಗಳ ಮಾತು ಮಾತ್ರ.

ಡಿಸೆಂಬರ್‌ನಲ್ಲಿ ಹೊಸ ಐಸ್ ಕಟ್ಟಿದಾಗ ಈ ಮೀನುಗಳು ಚೆನ್ನಾಗಿಯೇ ಕಚ್ಚುತ್ತವೆ. ಮಾರ್ಚ್‌ನಲ್ಲಿ ಐಸ್ ಕರಗುವ ಮುಂಚೆಯೂ ಕಚ್ಚುತ್ತವೆ. ಕಷ್ಟ ಇರುವುದು ನಡುವೆ, ಜನವರಿ ಅರ್ಧ ಕಳೆದಾಗಿನಿಂದ ಫೆಬ್ರವರಿ ಮುಗಿಯುವವರೆಗೆ. ಆ ದಿನಗಳಲ್ಲಿ ತೂತಿನೊಳಕ್ಕೆ ಕ್ಯಾಮೆರಾ ಇಳಿಬಿಟ್ಟು ನೋಡಿ. ಎರೆಯ ಸುತ್ತ ಬ್ಲೂಗಿಲ್‌ಗಳ ಗುಂಪೇ ನಿಂತಿರುತ್ತದೆ. ಒಂದು ಮುಂದೆ ಬರುತ್ತದೆ, ಮೂತಿ ತಾಗುವಷ್ಟು ಹತ್ತಿರ ಬಂದು ಪಕ್ಕದ ರೆಕ್ಕೆ ಆಡಿಸುತ್ತ ನಿಲ್ಲುತ್ತದೆ, ಹಾಗೇ ಹಿಂದಕ್ಕೆ ಸರಿದುಹೋಗುತ್ತದೆ. ಆಗ ಹೆಚ್ಚಿನವರು ಎರೆಯನ್ನು ಇನ್ನೂ ಜೋರಾಗಿ ಕುಣಿಸುತ್ತಾರೆ, ಇಲ್ಲವೇ ಇನ್ನೂ ದೊಡ್ಡ ಎರೆ ಸಿಕ್ಕಿಸುತ್ತಾರೆ. ಎರಡೂ ತಪ್ಪು. ನಡುಚಳಿಯಲ್ಲಿ ಎಲ್ಲವನ್ನೂ ಕಡಿಮೆ ಮಾಡಬೇಕು: ಗಾಳದ ಗಾತ್ರ, ದಾರದ ದಪ್ಪ, ಕೈಯ ಆಟ, ಕಾಲಿನ ಸದ್ದು, ಮನೆಗೆ ಒಯ್ಯುವ ಮೀನಿನ ಲೆಕ್ಕ.

ಮೀನು ಮಂದವಾಗುವುದೇಕೆ

ಇಷ್ಟು ತಿಳಿಯದೆ ಮುಂದಿನ ಯಾವ ಸೂಚನೆಯೂ ಕೈಗೆ ಹತ್ತುವುದಿಲ್ಲ. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಲ್ಲಕ್ಕಿಂತ ಭಾರವಾಗಿರುತ್ತದೆ. ಹಾಗಾಗಿ ಚಳಿಗಾಲದಲ್ಲಿ ಐಸಿಗೆ ತಾಗಿದ ನೀರು ಸೊನ್ನೆಯ ಹತ್ತಿರ, ತಳದ ನೀರು 4 ಡಿಗ್ರಿಯ ಹತ್ತಿರ. ಬೇಸಿಗೆಗೆ ಪೂರ್ತಿ ತಿರುವುಮುರುವು. ಮೀನಿಗೆ ತನ್ನದೇ ಮೈಬಿಸಿ ಇಲ್ಲ. ನೀರು ತಣಿದಷ್ಟೂ ಅದರ ಜೀರ್ಣಶಕ್ತಿ, ಓಡಾಟ, ಹಸಿವು ಮೂರೂ ಇಳಿಯುತ್ತವೆ. ಆದರೂ ಅದು ತಿನ್ನುವುದನ್ನು ಬಿಡುವುದಿಲ್ಲ. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಡ್ಯಾಫ್ನಿಯಾ, ಕೆಸರಿನಲ್ಲಿ ಹುದುಗಿರುವ ಕೆಂಪು ಮಿಡ್ಜ್ ಹುಳ, ಕತ್ತಲಾದರೆ ತಳದಿಂದ ಮೇಲೇಳುವ ಗಾಜಿನಂತೆ ಪಾರದರ್ಶಕವಾದ ಮರಿಹುಳ, ಹೆಚ್ಚಾಗಿ ಇವೇ ಅದರ ಚಳಿಗಾಲದ ಊಟ. ಓಡಿಸಿಕೊಂಡು ಹೋಗಿ ತಿನ್ನುವಂಥದ್ದು ಇದರಲ್ಲಿ ಒಂದೂ ಇಲ್ಲ.

ಇನ್ನೊಂದು ಕಾರಣ ಆಮ್ಲಜನಕ. ಐಸಿನ ಮೇಲೆ ಹಿಮ ದಪ್ಪಗೆ ಬಿದ್ದರೆ ಬೆಳಕು ಕೆಳಗಿಳಿಯುವುದಿಲ್ಲ. ನೀರುಗಿಡಗಳು ಸಾಯುತ್ತವೆ, ಕೊಳೆಯುತ್ತವೆ, ಕೊಳೆಯುವಾಗ ಇದ್ದ ಆಮ್ಲಜನಕವನ್ನೂ ತಿಂದುಹಾಕುತ್ತವೆ. ಕೊರತೆ ತಳದಿಂದ ಶುರುವಾಗಿ ಮೇಲಕ್ಕೇರುತ್ತದೆ. ಆಳವಿಲ್ಲದ ಕೆರೆಯಲ್ಲಿ ಲೀಟರಿಗೆ 2 ಮಿಲಿಗ್ರಾಂನ ಆಸುಪಾಸಿಗೆ ಇಳಿದರೆ ಮೀನುಗಳು ರಾಶಿ ರಾಶಿ ಸಾಯುವುದೂ ಉಂಟು. ಅಷ್ಟಕ್ಕೆ ಹೋಗದಿದ್ದರೂ ಡಿಸೆಂಬರ್‌ನಲ್ಲಿ ಮೀನಿದ್ದ ಜಾಗ ಫೆಬ್ರವರಿಯಲ್ಲಿ ಬರಿದಾಗಿರುತ್ತದೆ.

ಮೊದಲು ಐಸ್

ಮಾಡಬೇಕಾದ್ದು: ಹೊಸದಾಗಿ ಕಟ್ಟಿದ, ಕೆಳಗಿನ ಕಪ್ಪು ನೀರು ಕಾಣುವಂಥ ತಿಳಿ ಐಸ್ ಕನಿಷ್ಠ 4 ಇಂಚು ಇದ್ದರೆ ಮಾತ್ರ ಅದರ ಮೇಲೆ ನಡೆಯಿರಿ. ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುವ ಅಳತೆ ಇದು. ಹಿಮ ನೆನೆದು ಮತ್ತೆ ಹೆಪ್ಪಾದ ಬಿಳಿ ಐಸಿಗೆ ಇದರ ಅರ್ಧದಷ್ಟೇ ಬಲ. ಅಲ್ಲಿ ಅಳತೆಯನ್ನು ಇಮ್ಮಡಿ ಮಾಡಿಕೊಳ್ಳಿ. ಹಾರೆಯನ್ನು ಮುಂದೆ ಕುಟ್ಟಿ ನೋಡುತ್ತ ಹೆಜ್ಜೆ ಇಡಿ. ಪ್ರತಿ 150 ಅಡಿಗೆ ಒಮ್ಮೆಯಾದರೂ ತೂತು ಕೊರೆದು, ಅಳತೆಪಟ್ಟಿ ಇಳಿಸಿ ನೋಡಿ.

ಮಾಡಬಾರದ್ದು: ನಿನ್ನೆ ಅಲ್ಲಿ ಯಾರೋ ಟ್ರಕ್ ನಿಲ್ಲಿಸಿದ್ದರು ಎಂಬುದನ್ನು ಸಾಕ್ಷಿ ಎಂದುಕೊಳ್ಳಬೇಡಿ. ತೊರೆ ಬಂದು ಸೇರುವ ಬಾಯಿ, ಸೇತುವೆಯ ಅಡಿ, ಊಟೆ ಇರುವ ಜಾಗ, ಮೀನು ಸಾಯದಿರಲೆಂದು ಗಾಳಿ ಊದುವ ಯಂತ್ರ ಹಾಕಿರುವ ಕೆರೆ, ಇವುಗಳ ಹತ್ತಿರ ಸುಳಿಯಬೇಡಿ. ದಪ್ಪ ಹಿಮ ಕಂಡು ಐಸೂ ದಪ್ಪವಾಗಿದೆ ಎಂದುಕೊಳ್ಳುವುದು ಇನ್ನೊಂದು ತಪ್ಪು. ಹಿಮ ಕಂಬಳಿಯ ಕೆಲಸ ಮಾಡಿ ಐಸ್ ಬೆಳೆಯದಂತೆ ತಡೆಯುತ್ತದೆ. ಭಾರಕ್ಕೆ ಐಸನ್ನು ಒತ್ತಿ, ಬಿರುಕಿನಿಂದ ನೀರನ್ನೂ ಮೇಲಕ್ಕೆ ತರುತ್ತದೆ.

ಒಬ್ಬರೇ ಹೋಗಬೇಡಿ. ಐಸ್ ಪಿಕ್ ಎನ್ನುವ ಎರಡು ಮೊನೆಗೂಟಗಳನ್ನು ಕೊರಳಿಗೆ ಹಾಕಿಕೊಳ್ಳಿ. ಚೀಲದಲ್ಲಿಟ್ಟರೆ ಅವು ಇದ್ದೂ ಇಲ್ಲದಂತೆ. ತೇಲುವ ಕೋಟು, ಅದಿಲ್ಲದಿದ್ದರೆ ಒಳಗೊಂದು ಲೈಫ್ ಜಾಕೆಟ್ ಇರಲೇಬೇಕು. ಬಿದ್ದರೆ ಏನಾಗುತ್ತದೆ ಎಂಬುದನ್ನು ಮ್ಯಾನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಮೂರು ಅಂಕಿಗಳಲ್ಲಿ ಹೇಳಿದ್ದಾರೆ: 1, 10, 1. ಮೊದಲ ಒಂದು ನಿಮಿಷ ಉಸಿರು ಹತೋಟಿ ತಪ್ಪುತ್ತದೆ. ಆಗ ತಲೆ ನೀರಿನ ಮೇಲಿಟ್ಟು ಉಸಿರನ್ನು ಹಿಡಿತಕ್ಕೆ ತರುವುದಷ್ಟೇ ಕೆಲಸ. ಆಮೇಲೆ ಸುಮಾರು ಹತ್ತು ನಿಮಿಷ ಕೈಕಾಲು ಮಾತು ಕೇಳುತ್ತವೆ. ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ ಹಿಡಿಯುತ್ತದೆ. ಹತ್ತು ನಿಮಿಷವನ್ನು ಕೂಗಾಟದಲ್ಲಿ ಕಳೆಯಬೇಡಿ. ಬಂದ ದಿಕ್ಕಿಗೇ ತಿರುಗಿ, ಅಲ್ಲಿಯ ಐಸ್ ನಿಮ್ಮನ್ನು ಅಲ್ಲಿಯವರೆಗೆ ಹೊತ್ತಿತ್ತು. ಪಿಕ್ಕುಗಳನ್ನು ಐಸಿಗೆ ಚುಚ್ಚಿ, ಕಾಲನ್ನು ಈಜುವಂತೆ ಹಿಂದಕ್ಕೆ ಬಡಿದು ಮೈಯನ್ನು ಅಡ್ಡಲಾಗಿಸಿ ಮೇಲಕ್ಕೆ ಜಾರಿ. ಮೇಲೆ ಬಂದಮೇಲೆ ಎದ್ದು ನಿಲ್ಲದೆ ಹೊರಳಿಕೊಂಡೇ ದೂರ ಹೋಗಿ. ಇದನ್ನು ಮಕ್ಕಳಿಗೂ ಹೇಳಿಕೊಡಿ.

ಮೀನಿದ್ದಲ್ಲಿಗೆ ನೀವೇ ಹೋಗಿ

ಮಂದ ಮೀನು ನಿಮ್ಮ ತೂತಿಗೆ ನಡೆದು ಬರುವುದಿಲ್ಲ. ಒಂದೇ ತೂತಿನ ಮುಂದೆ ದಿನವಿಡೀ ಕೂರಬೇಡಿ. ಹಗುರ ಟೆಂಟು, ನೀರಿನಡಿ ತೋರಿಸುವ ಫ್ಲ್ಯಾಶರ್, ಜೊತೆಗೆ ತೂತಿನಿಂದ ತೂತಿಗೆ ಓಡಾಡುವ ಕ್ರಮ. ಮಿನ್ನೆಸೋಟದ ಡೇವ್ ಗೆಂಜ್ 1980ರ ದಶಕದಿಂದ ಈ ಮೂರನ್ನೂ ಜೋಡಿಸಿ ಜನರಿಗೆ ಹತ್ತಿಸಿದ ಮೇಲೆ ಚಳಿಗಾಲದ ಗಾಳದ ರೀತಿಯೇ ಬದಲಾಯಿತು. ಅದನ್ನೇ ಅನುಸರಿಸಿ. ಬಂದ ಕೂಡಲೇ ಬೇಕಾದ ತೂತುಗಳನ್ನೆಲ್ಲ ಒಟ್ಟಿಗೆ ಕೊರೆದು ಮುಗಿಸಿ. ಕೊರೆಯುವ ಯಂತ್ರದ ಗದ್ದಲ ತಣ್ಣಗಾಗುವವರೆಗೆ ಬಿಡಿ, ಆಮೇಲೆ ಒಂದೊಂದಾಗಿ ಫ್ಲ್ಯಾಶರ್ ಇಳಿಸಿ ನೋಡುತ್ತ ಹೋಗಿ. ಮೀನು ಕಾಣದ ತೂತಿನಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ. ಮೀನು ಕಂಡೂ ಕಚ್ಚದ ತೂತು ಬೇರೆ ಮಾತು. ಅಲ್ಲಿ ಕೂರಬೇಕು, ಕೈ ಬದಲಿಸಬೇಕು.

ಎಲ್ಲಿ ಕೊರೆಯಬೇಕು? ಬ್ಲೂಗಿಲ್ ಬೇಕಿದ್ದರೆ ಮೊದಲು ಹಸಿರು ಉಳಿದಿರುವ ನೀರುಗಿಡ ಹುಡುಕಿ. ಗಾಳಕ್ಕೆ ಸಿಕ್ಕಿ ಮೇಲೆ ಬಂದ ಎಲೆಯನ್ನು ಬೆರಳಲ್ಲಿ ಉಜ್ಜಿ ನೋಡಿ. ಗರಿಗರಿಯಾಗಿ, ಹಸಿರಾಗಿದ್ದರೆ ಅಲ್ಲಿ ಆಮ್ಲಜನಕವಿದೆ, ಹುಳವಿದೆ, ಮೀನೂ ಇರಬಹುದು. ಕಂದಾಗಿ ಲೋಳೆಗಟ್ಟಿ ವಾಸನೆ ಹೊಡೆದರೆ ಸಾಮಾನು ಎತ್ತಿ. ನಡುಚಳಿಯಲ್ಲಿ ಎಷ್ಟೋ ಬ್ಲೂಗಿಲ್‌ಗಳು ಗಿಡ ಬಿಟ್ಟು ಕೆರೆಯ ಆಳದ ಹೊಂಡಗಳಿಗೆ, ಮೆತ್ತನೆ ಕೆಸರಿನ ತಳಕ್ಕೆ ಹೋಗಿಬಿಡುತ್ತವೆ. ಕ್ರ್ಯಾಪಿ ಇನ್ನೂ ಹೆಚ್ಚು. ಅದು ತಳದಲ್ಲೂ ಇರದೆ, ಮೇಲೂ ಇರದೆ, ನಡು ನೀರಿನಲ್ಲಿ ಗುಂಪಾಗಿ ತೇಲುತ್ತದೆ. ತಳವನ್ನೇ ನೋಡುತ್ತ ಕೂತವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಫ್ಲ್ಯಾಶರ್‌ನಲ್ಲಿ ಐಸಿನಿಂದ ತಳದವರೆಗೆ ಪೂರ್ತಿ ನೋಡಿ.

ಹೊತ್ತೂ ಮುಖ್ಯ. ಪರ್ಚ್ ಕಣ್ಣನ್ನು ನಂಬಿ ತಿನ್ನುವ ಮೀನು, ಹಗಲಿನದ್ದು. ಬ್ಲೂಗಿಲ್ ಕೂಡ ಹೆಚ್ಚಾಗಿ ಬೆಳಕಿರುವಾಗಲೇ. ಕ್ರ್ಯಾಪಿಗೆ ಮಾತ್ರ ಸಂಜೆ. ಸೂರ್ಯ ಮರದ ಸಾಲಿನ ಹಿಂದೆ ಇಳಿದ ಮೇಲಿನ ಒಂದು ಗಂಟೆಗಾಗಿ ಉಳಿದ ದಿನವನ್ನೆಲ್ಲ ಕಾಯಬಹುದು. ಸಂಜೆ ನಾಲ್ಕಕ್ಕೆ ಬೇಸತ್ತು ಸಾಮಾನು ಕಟ್ಟಬೇಡಿ.

ಆಳ ಹತ್ತು ಅಡಿಗಿಂತ ಕಡಿಮೆ ಇದ್ದು ನೀರು ತಿಳಿಯಾಗಿದ್ದರೆ ಬೂಟುಗಾಲಲ್ಲಿ ದಡದಡ ಓಡಾಡಬೇಡಿ, ಬಕೆಟ್ಟನ್ನು ಐಸಿನ ಮೇಲೆ ಕುಕ್ಕಬೇಡಿ. ತೂತಿನ ಸುತ್ತಲ ಹಿಮವನ್ನು ಗುಡಿಸಿಬಿಡಬೇಡಿ, ಅದು ನಿಮ್ಮ ನೆರಳನ್ನೂ ಸದ್ದನ್ನೂ ಮರೆಸುತ್ತದೆ.

ಗಾಳ, ದಾರ, ಎರೆ

ಬೇಸಿಗೆಯ ಸಾಮಾನು ಬೇಸಿಗೆಗೇ ಇರಲಿ. ನಡುಚಳಿಗೆ 3 ಮಿಲಿಮೀಟರ್, ಹೆಚ್ಚೆಂದರೆ 4 ಮಿಲಿಮೀಟರ್ ತಲೆಯ ಜಿಗ್, ಅಂದರೆ ಲೋಹದ ತಲೆಯ ಪುಟ್ಟ ಗಾಳ, ಸಾಕು. ಸಾಸಿವೆಗಿಂತ ದೊಡ್ಡದು, ಕರಿಮೆಣಸಿನ ಕಾಳಿಗಿಂತ ಚಿಕ್ಕದು. ಬ್ಲೂಗಿಲ್ಲಿನ ಬಾಯಿ ಅಷ್ಟು ಸಣ್ಣದು.

ಜಿಗ್ ಟಂಗ್‌ಸ್ಟನ್ನಿನದ್ದೇ ಆಗಿರಲಿ, ಸೀಸದ್ದು ಬೇಡ. ಟಂಗ್‌ಸ್ಟನ್‌ಗೆ ಸೀಸಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಸಾಂದ್ರತೆ. ಅದೇ ತೂಕ ಇನ್ನೂ ಚಿಕ್ಕ ತಲೆಯಲ್ಲಿ ಸಿಗುತ್ತದೆ, ಬೇಗ ಇಳಿಯುತ್ತದೆ, ತೆಳು ದಾರವನ್ನು ಬಿಗಿಯಾಗಿ ಹಿಡಿದಿಡುತ್ತದೆ. ಇಷ್ಟೇ ದೊಡ್ಡ ಕಾರಣ ಇನ್ನೊಂದಿದೆ. ಈ ಕೆರೆಗಳಿಗೆ ವಸಂತದಲ್ಲಿ ಮರಳುವ ಲೂನ್ ಹಕ್ಕಿ, ಅದು ಮಿನ್ನೆಸೋಟದ ರಾಜ್ಯಪಕ್ಷಿ ಕೂಡ, ತಳದ ಸಣ್ಣ ಕಲ್ಲುಗಳ ಜೊತೆಗೆ ಬಿದ್ದಿರುವ ಸೀಸದ ಜಿಗ್ಗನ್ನೂ ನುಂಗುತ್ತದೆ. ಒಂದೇ ಒಂದು ಸಾಕು, ವಿಷವೇರಿ ಸಾಯುತ್ತದೆ. ಟಂಗ್‌ಸ್ಟನ್ ಬೆಲೆ ಹೆಚ್ಚು ಎಂಬ ನೆಪಕ್ಕೆ ಇಲ್ಲಿ ಜಾಗವಿಲ್ಲ.

ದಾರ 2 ಪೌಂಡಿನದ್ದು ಇರಲಿ, ಕ್ರ್ಯಾಪಿಗೆ 3 ಪೌಂಡ್ ಆದೀತು. ಹೋದ ವರ್ಷದಿಂದ ರೀಲಿನಲ್ಲೇ ಸುತ್ತಿಕೊಂಡಿರುವ ದಾರ ಬೇಡ. ಅದು ಸುರುಳಿ ಸುರುಳಿಯಾಗಿ ಇಳಿಯುತ್ತದೆ, ಮೀನಿನ ಮೆಲ್ಲನೆ ಎಳೆತವೆಲ್ಲ ಆ ಸುರುಳಿ ಬಿಚ್ಚುವುದರಲ್ಲೇ ಕಳೆದುಹೋಗುತ್ತದೆ. ಮನೆಯಲ್ಲೇ ಹೊಸ ದಾರ ಸುತ್ತಿಕೊಂಡು ಬನ್ನಿ.

ಬಹುಮಂದಿ ಗಮನಿಸದ ದೋಷ ಒಂದಿದೆ: ಜಿಗ್ ಸುತ್ತುವುದು. ಸಾಮಾನ್ಯ ಸ್ಪಿನ್ನಿಂಗ್ ರೀಲ್ ದಾರಕ್ಕೆ ತಿರುಚು ಹಾಕುತ್ತದೆ. ಆ ತಿರುಚು ಬಿಚ್ಚುವಾಗ ಜಿಗ್ ನೀರಿನಲ್ಲಿ ಬುಗುರಿಯಂತೆ ತಿರುಗುತ್ತದೆ. ಕೆಸರಿನ ಯಾವ ಹುಳವೂ ಹಾಗೆ ತಿರುಗುವುದಿಲ್ಲ, ಬ್ಲೂಗಿಲ್ ಅದನ್ನು ಕಂಡೊಡನೆ ಹಿಂದೆ ಸರಿಯುತ್ತದೆ. ಆಳಕ್ಕೆ ಇಳಿಸುವ ಮೊದಲು ಜಿಗ್ಗನ್ನು ತೂತಿನ ಬಾಯಲ್ಲಿ ತೂಗುಬಿಟ್ಟು, ಸುತ್ತು ಪೂರ್ತಿ ನಿಲ್ಲುವವರೆಗೆ ಕಾಯಿರಿ. ದಾರವನ್ನು ನೇರವಾಗಿ ಸುತ್ತಿಕೊಳ್ಳುವ ಇನ್‌ಲೈನ್ ರೀಲ್ ಕೊಂಡರೆ ಈ ತೊಂದರೆ ಬಹುಪಾಲು ತಪ್ಪುತ್ತದೆ. ಗಂಟನ್ನೂ ನೋಡಿ. ಜಿಗ್ ನೀರಿನಲ್ಲಿ ಅಡ್ಡಲಾಗಿ ಮಲಗಿರಬೇಕು. ಪ್ರತಿ ಮೀನು ಬಿಡಿಸಿದಾಗಲೂ ಗಂಟು ಜಾರಿ ಮುಂದೆ ಬಂದಿರುತ್ತದೆ, ಉಗುರಿನಿಂದ ಅದನ್ನು ಸರಿಯಾದ ಜಾಗಕ್ಕೆ ತಳ್ಳಿ.

ಎರೆಗೆ ವ್ಯಾಕ್ಸ್‌ವರ್ಮ್ ಇಲ್ಲವೇ ಸ್ಪೈಕ್. ಸ್ಪೈಕ್ ನೊಣದ ಮರಿಹುಳ, ಅಕ್ಕಿ ಕಾಳಿಗಿಂತ ತುಸು ದೊಡ್ಡದು. ವ್ಯಾಕ್ಸ್‌ವರ್ಮ್ ಎಂದರೆ ಜೇನುಹುಟ್ಟಿಗೆ ಬೀಳುವ ಮೇಣದ ಪತಂಗದ ಹುಳ. ಕೊಡಗು, ಮಲೆನಾಡಿನಲ್ಲಿ ಜೇನುಪೆಟ್ಟಿಗೆ ಇಟ್ಟವರು ಇದನ್ನು ಕಂಡು ಶಪಿಸಿರುತ್ತಾರೆ. ಇಲ್ಲಿ ಅದನ್ನೇ ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ. ಬಿಸಿ ಕಾಲದಲ್ಲಿ ಇಡೀ ಹುಳ ಸರಿ, ನಡುಚಳಿಯಲ್ಲಿ ಒಂದೇ ಒಂದು ಸ್ಪೈಕ್, ತುದಿಯ ತೊಗಲಿಗಷ್ಟೇ ಚುಚ್ಚಿ, ಉಳಿದದ್ದು ಒದ್ದಾಡಲಿ. ಮೀನು ಹೀರಿ ಉಗುಳಿದ ಹುಳ ಬರೀ ತೊಗಲಾಗಿರುತ್ತದೆ, ಕೂಡಲೇ ಬದಲಿಸಿ. ಹುಳದ ಡಬ್ಬಿಯನ್ನು ಐಸಿನ ಮೇಲೆ ಬಿಡಬೇಡಿ, ಕೋಟಿನ ಒಳಜೇಬಿನಲ್ಲಿ ಇಟ್ಟುಕೊಳ್ಳಿ. ಸೆಟೆದು ಕಪ್ಪಾದ ಹುಳಕ್ಕೆ ಮೀನು ಬೀಳದು.

ಕೈ

ನಡುಚಳಿಯ ಗಾಳ ಗೆಲ್ಲುವುದೂ ಸೋಲುವುದೂ ಇಲ್ಲಿ. ಈ ಭಾಗವನ್ನು ಎರಡು ಸಲ ಓದಿ.

ಎರೆಯನ್ನು ಮೀನಿನ ಮೇಲ್ಗಡೆ ನಿಲ್ಲಿಸಿ. ಕೆಳಗೆ ಇಳಿಸಬೇಡಿ. ಕ್ರ್ಯಾಪಿಯ ಕಣ್ಣು ತಲೆಯ ಮೇಲ್ಭಾಗದಲ್ಲಿದೆ, ಬಾಯಿ ಮೇಲಕ್ಕೆ ತೆರೆಯುತ್ತದೆ. ತನ್ನ ಕೆಳಗಿರುವುದನ್ನು ಅದು ತಿರುಗಿ ನೋಡುವುದಿಲ್ಲ. ಫ್ಲ್ಯಾಶರ್‌ನಲ್ಲಿ ಮೀನಿನ ಗೆರೆ ಕಂಡರೆ ಎರೆಯನ್ನು ಅದಕ್ಕಿಂತ ಒಂದು ಅಡಿ ಮೇಲೆ ತಂದು ನಿಲ್ಲಿಸಿ. ಕೆಳಗೆ ಹೋಗಿದ್ದರೆ ಮೆಲ್ಲನೆ ಮೇಲೆತ್ತಿ, ಮೀನಿನ ನಡುವಿನಿಂದ ಸರಕ್ಕನೆ ಎಳೆಯಬೇಡಿ.

ಆಮೇಲೆ ನಡುಗಿಸಿ. ಕುಣಿಸಬೇಡಿ. ಮಣಿಕಟ್ಟು ಅಲುಗಬಾರದು. ಕೋಲು ಹಿಡಿದ ಬೆರಳಿನ ತುದಿಯಿಂದ ತಟ್ಟಿದರೆ ಸಾಕು, ಆ ನಡುಕ ದಾರದುದ್ದಕ್ಕೂ ಇಳಿದು ಜಿಗ್ಗನ್ನು ಕಾಲು ಇಂಚು ಆಡಿಸುತ್ತದೆ. ಹತ್ತು ಎಣಿಸುವಷ್ಟು ಹೊತ್ತು ಹೀಗೆ ನಡುಗಿಸಿ. ಫ್ಲ್ಯಾಶರ್ ಮೇಲೆ ಕಣ್ಣಿರಲಿ. ಮೀನಿನ ಗೆರೆ ಮೊದಲು ಹಸಿರು, ಹತ್ತಿರವಾದಂತೆ ಕಿತ್ತಳೆ, ಕೆಂಪು. ಅದು ಮೇಲೇರಿ ಬರುತ್ತಿದ್ದರೆ ನೀವು ಮಾಡುತ್ತಿರುವುದನ್ನೇ ಮಾಡುತ್ತಿರಿ. ಅದು ನಿಂತಾಗ ನೀವೂ ನಿಲ್ಲಿ. ಪೂರ್ತಿ ನಿಲ್ಲಿ. ಐದು ಸೆಕೆಂಡು, ಹತ್ತು ಸೆಕೆಂಡು. ಹೆಚ್ಚಿನ ಕಚ್ಚು ಈ ನಿಲುಗಡೆಯಲ್ಲೇ ಬೀಳುತ್ತದೆ. ಆಗಲೂ ಕಚ್ಚದಿದ್ದರೆ ಎರೆಯನ್ನು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ನಾಲ್ಕು ಇಂಚು ಮೇಲಕ್ಕೆತ್ತಿ. ಮೀನು ಹಿಂಬಾಲಿಸಿದರೆ ಅದು ನಿಮ್ಮದಾಗುವ ಸಂಭವವೇ ಹೆಚ್ಚು. ಹಿಂಬಾಲಿಸದೆ ಕೆಳಗೆ ಇಳಿದುಹೋದರೆ ಬೆನ್ನಟ್ಟಬೇಡಿ. ಎರೆಯನ್ನು ಮೇಲೆಯೇ ಬಿಟ್ಟು, ಬಣ್ಣ ಇಲ್ಲವೇ ಗಾತ್ರ ಬದಲಿಸಿ ಮತ್ತೆ ತೋರಿಸಿ.

ಪರ್ಚಿಗೆ ಇದರಲ್ಲಿ ಒಂದು ಬದಲಾವಣೆ ಇದೆ. ಅದು ತಳದ ಮೀನು. ಜಿಗ್ಗನ್ನು ಒಂದೆರಡು ಸಲ ಕೆಸರಿಗೆ ಕುಟ್ಟಿ ದೂಳೆಬ್ಬಿಸಿ, ಆ ದೂಳು ಕಂಡು ಅದು ಹತ್ತಿರ ಬರುತ್ತದೆ. ಬಂದ ಮೇಲೆ ಎರೆಯನ್ನು ತಳದಿಂದ ಮೂರು ನಾಲ್ಕು ಇಂಚು ಎತ್ತಿ ಸುಮ್ಮನಿರಿ.

ಕಚ್ಚನ್ನು ಕೈಯಿಂದ ಅರಿಯಲು ಹೋಗಬೇಡಿ, ಕಣ್ಣಿನಿಂದ ಅರಿಯಿರಿ. ಮಂದ ಬ್ಲೂಗಿಲ್ ಕಚ್ಚಿ ಎಳೆಯುವುದಿಲ್ಲ. ಬಾಯಿ ತೆರೆದು ನೀರಿನ ಜೊತೆ ಎರೆಯನ್ನು ಒಳಕ್ಕೆ ಹೀರುತ್ತದೆ, ರುಚಿ ನೋಡುತ್ತದೆ, ಹಿಡಿಸದಿದ್ದರೆ ಉಗುಳುತ್ತದೆ. ಇಷ್ಟಕ್ಕೆ ಒಂದು ಸೆಕೆಂಡೂ ಬೇಕಿಲ್ಲ. ಕೋಲಿನ ತುದಿಗೆ ಸಣ್ಣ ತಂತಿಯ ಸ್ಪ್ರಿಂಗ್ ಬಾಬರ್ ಹಾಕಿಕೊಳ್ಳಿ. ಅದನ್ನು ಹೇಗೆ ಹೊಂದಿಸಬೇಕೆಂದರೆ, ಜಿಗ್ಗಿನ ತೂಕಕ್ಕೆ ತಂತಿ ತುಸುವೇ ಬಾಗಿ ನಿಂತಿರಬೇಕು. ಮೀನು ಎರೆ ಹೀರಿ ಮೇಲಕ್ಕೆ ಎದ್ದರೆ ಜಿಗ್ಗಿನ ಭಾರ ಹೋಗಿ ಬಾಗಿದ್ದ ತಂತಿ ನೇರವಾಗುತ್ತದೆ. ಕೆಳಕ್ಕೆ ಹೋದರೆ ಇನ್ನಷ್ಟು ಬಾಗುತ್ತದೆ. ಕೆಲವು ಸಲ ಎರಡೂ ಆಗದೆ ನಡುಗುತ್ತಿದ್ದ ತಂತಿ ಸುಮ್ಮನೆ ನಿಂತುಬಿಡುತ್ತದೆ. ಮೂರೂ ಕಚ್ಚೇ. ಹೊಸಬರು ತಂತಿ ಬಾಗುವುದನ್ನೇ ಕಾಯುತ್ತ ಕೂತು ಮೇಲಿನ ಕಚ್ಚನ್ನೆಲ್ಲ ಕಳೆದುಕೊಳ್ಳುತ್ತಾರೆ. ನಡುಚಳಿಯಲ್ಲಿ ಮೇಲಿನ ಕಚ್ಚೇ ಹೆಚ್ಚು.

ತಂತಿ ಬದಲಾದ ಕ್ಷಣ ಕೋಲನ್ನು ಎರಡು ಮೂರು ಇಂಚು ಎತ್ತಿ, ಅಷ್ಟೇ. ತೋಳು ಬೀಸಿ ಜಗ್ಗಬೇಡಿ. ಕ್ರ್ಯಾಪಿಯ ಬಾಯಿಯ ತೊಗಲು ಕಾಗದದಷ್ಟು ತೆಳು, ಹರಿದುಹೋಗುತ್ತದೆ. ದಾರ ಸಡಿಲಾಗದಂತೆ ಒಂದೇ ಸಮ ಮೇಲೆ ತನ್ನಿ. ತೂತಿನ ಕೆಳ ಅಂಚಿಗೆ ಮೀನು ತಾಗುವ ಜಾಗದಲ್ಲೇ ಹೆಚ್ಚು ತಪ್ಪಿಹೋಗುತ್ತವೆ. ಅಲ್ಲಿ ತುಸು ತಡೆದು, ತಲೆ ತೂತಿನತ್ತ ತಿರುಗಿದ ಮೇಲೆ ಎತ್ತಿ.

ಕೋಲಿನ ಬಳೆಗಳಲ್ಲಿ ಐಸ್ ಕಟ್ಟಿದರೆ ಬಡಿದು ಉದುರಿಸಬೇಡಿ, ಕೋಲು ಮುರಿಯುತ್ತದೆ. ತುದಿಯನ್ನು ತೂತಿನ ನೀರಿನಲ್ಲಿ ಅದ್ದಿ, ಐಸ್ ಸಡಿಲವಾದ ಮೇಲೆ ಬೆರಳಲ್ಲಿ ಬಿಡಿಸಿ.

ಟೆಂಟಿನೊಳಗೆ

ಗ್ಯಾಸ್ ಹೀಟರ್ ಹಚ್ಚಿದರೆ ಗಾಳಿಕಿಂಡಿ ತೆರೆದಿರಲೇಬೇಕು. ಮೇಲೊಂದು, ಕೆಳಗೊಂದು. ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಟೆಂಟಿನೊಳಗೆ ಹೀಟರ್ ಹಚ್ಚಬೇಡಿ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ಬಂದರೆ ಚಳಿಯ ಆಯಾಸ ಎಂದುಕೊಳ್ಳದೆ ಕೂಡಲೇ ಹೊರಗೆ ಬನ್ನಿ, ಜೊತೆಯವರನ್ನೂ ಎಳೆದು ತನ್ನಿ. ಹೀಟರ್ ಉರಿಯುತ್ತಿರುವಾಗ ಕಣ್ಣು ಮುಚ್ಚಿ ಒರಗುವುದು ಕೂಡದು.

ಹಿಡಿದ ಮೇಲೆ

ಬಿಡಬೇಕೆಂದಿರುವ ಮೀನನ್ನು ಐಸಿನ ಮೇಲೆ ಹಾಕಬೇಡಿ, ಒಣ ಕೈಗವಸಿನಲ್ಲಿ ಹಿಡಿಯಬೇಡಿ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಗಾಳಿಯಲ್ಲಿ ಅದರ ಕಿವಿರು, ಕಣ್ಣು ಕ್ಷಣಗಳಲ್ಲೇ ಹೆಪ್ಪುಗಟ್ಟುತ್ತವೆ. ಈಜಿಕೊಂಡು ಹೋದರೂ ಅದು ಬದುಕುವುದು ಅನುಮಾನ. ಒದ್ದೆ ಕೈಯಲ್ಲಿ ಹಿಡಿದು, ತೂತಿನ ಮೇಲೆಯೇ ಗಾಳ ಬಿಡಿಸಿ ಜಾರಿಸಿ. ಫೋಟೋ ಬೇಕಿದ್ದರೆ ಟೆಂಟಿನೊಳಗೆ, ಅದೂ ಒಂದೇ.

ಮೂವತ್ತು ಅಡಿಗಿಂತ ಆಳದಿಂದ ಬಂದ ಕ್ರ್ಯಾಪಿಯ ಗಾಳಿಚೀಲ ಉಬ್ಬಿಹೋಗಿರುತ್ತದೆ. ಬಿಟ್ಟರೂ ಅದು ಐಸಿನಡಿ ಮಗುಚಿ ಬಿದ್ದು ಸಾಯುವುದೇ ಹೆಚ್ಚು. ಅಂಥ ಆಳದಲ್ಲಿ ಹಿಡಿದು ಬಿಡುವ ಆಟ ಆಡಬೇಡಿ. ಊಟಕ್ಕೆ ಬೇಕಾದಷ್ಟು ಬಂದ ಕೂಡಲೇ ಗಾಳ ಎತ್ತಿ ಬೇರೆ ಕಡೆ ಹೋಗಿ.

ಕಾನೂನು ತಿಳಿದಿರಲಿ. ಮಿನ್ನೆಸೋಟದ ವಾರ್ಷಿಕ ಪರವಾನಗಿ ಫೆಬ್ರವರಿ ಕೊನೆಗೆ ಮುಗಿಯುತ್ತದೆ. ಮಾರ್ಚ್ 1ರಂದು ಅದೇ ಐಸಿನ ಮೇಲೆ ಕೂರಲು ಹೊಸದು ಬೇಕು. ಚಳಿಗಾಲದಲ್ಲಿ ಅಲ್ಲಿ ಒಬ್ಬರಿಗೆ ಎರಡು ದಾರ, ವಿಸ್ಕಾನ್ಸಿನ್‌ನಲ್ಲಿ ಮೂರು. ಮಿನ್ನೆಸೋಟದ ಸಾಮಾನ್ಯ ದಿನಮಿತಿ ಬ್ಲೂಗಿಲ್ ಜಾತಿಗೆ 20, ಕ್ರ್ಯಾಪಿಗೆ 10. ಆದರೆ ಅನೇಕ ಕೆರೆಗಳಲ್ಲಿ ಬ್ಲೂಗಿಲ್ ಮಿತಿಯನ್ನು 10ಕ್ಕೆ, ಕೆಲವೆಡೆ 5ಕ್ಕೆ ಇಳಿಸಿದ್ದಾರೆ. ನಿಯಮಗಳು ಬದಲಾಗುತ್ತಿರುತ್ತವೆ, ಆ ವರ್ಷದ ಪುಸ್ತಿಕೆ ಮತ್ತು ಕೆರೆಯ ದಂಡೆಯ ಫಲಕ ಎರಡನ್ನೂ ಓದಿಯೇ ಇಳಿಯಿರಿ. ಉಳಿದ ಜೀವಂತ ಎರೆಮೀನನ್ನು ತೂತಿಗೆ ಸುರಿಯಬೇಡಿ. ಒಂದು ಕೆರೆಯ ನೀರನ್ನು ಬಕೆಟ್ಟಿನಲ್ಲಿ ಇನ್ನೊಂದಕ್ಕೆ ಒಯ್ಯಬೇಡಿ, ಜೀಬ್ರಾ ಮಸೆಲ್‌ನಂಥ ಪಿಡುಗು ಕೆರೆಯಿಂದ ಕೆರೆಗೆ ಹೋಗುವ ದಾರಿಗಳಲ್ಲಿ ಇದೂ ಒಂದು. ಕಸ, ಹೊಲಸನ್ನು ಐಸಿನ ಮೇಲೆ ಬಿಡುವುದನ್ನು 2023ರಲ್ಲಿ ಮಿನ್ನೆಸೋಟ ಪ್ರತ್ಯೇಕ ಕಾನೂನು ಮಾಡಿಯೇ ತಡೆದಿದೆ. ಹುಳದ ಖಾಲಿ ಡಬ್ಬಿ, ತುಂಡು ದಾರ, ಬಾಳೆಹಣ್ಣಿನ ಸಿಪ್ಪೆ ಎಲ್ಲವೂ ನಿಮ್ಮ ಚೀಲದಲ್ಲೇ ವಾಪಸ್ ಬರಲಿ.

ಮನೆಯಲ್ಲಿ ರವೆ ಹಚ್ಚಿ ಹುರಿಯುವಾಗ ಒಂದು ಎಚ್ಚರಿಕೆ. ಗರ್ಭಿಣಿಯರು, ಗರ್ಭಿಣಿಯಾಗಲಿರುವವರು ಮತ್ತು 15ಕ್ಕಿಂತ ಚಿಕ್ಕ ಮಕ್ಕಳು ಈ ಮೀನುಗಳನ್ನು ವಾರಕ್ಕೆ ಒಂದು ಊಟಕ್ಕೆ ಸೀಮಿತಗೊಳಿಸಬೇಕೆಂದು ಮಿನ್ನೆಸೋಟದ ಆರೋಗ್ಯ ಇಲಾಖೆಯ ಸಾಮಾನ್ಯ ಸಲಹೆ ಇದೆ, ಪಾದರಸದ ಕಾರಣಕ್ಕೆ. ಕೆಲವು ಕೆರೆಗಳಿಗೆ ಬೇರೆ, ಇನ್ನೂ ಬಿಗಿಯಾದ ಸಲಹೆ ಇರುತ್ತದೆ. ನಿಮ್ಮ ಕೆರೆಯದ್ದನ್ನು ನೋಡಿಕೊಳ್ಳಿ.

ಕೊನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದ ಸೂಚನೆ: ದೊಡ್ಡ ಬ್ಲೂಗಿಲ್ ಸಿಕ್ಕರೆ ಬಿಡಿ. ಈ ತಣ್ಣನೆ ನೀರಿನಲ್ಲಿ ಒಂದು ಬ್ಲೂಗಿಲ್ 8 ಇಂಚು ಆಗಲು ಆರೇಳು ವರ್ಷ ಹಿಡಿಯಬಹುದು. ಬೇಸಿಗೆಯ ಆರಂಭದಲ್ಲಿ ದಂಡೆಯ ಮರಳಿನಲ್ಲಿ ಬಾಲದಿಂದ ಗುಳಿ ತೋಡಿ, ಮೊಟ್ಟೆ ಕಾಯುವುದು ದೊಡ್ಡ ಗಂಡು ಮೀನುಗಳೇ. ಅವು ಇರುವವರೆಗೆ ಸಣ್ಣ ಗಂಡುಗಳು ತಮ್ಮ ಸರದಿ ಕಾಯುತ್ತ ಬೆಳೆಯುತ್ತವೆ. ದೊಡ್ಡವನ್ನೆಲ್ಲ ನಾವು ಬಕೆಟ್ಟಿಗೆ ಹಾಕಿದರೆ ಸಣ್ಣವು ಬೆಳೆಯುವುದನ್ನು ಬಿಟ್ಟು ಬೇಗನೆ ಮರಿ ಮಾಡಲು ತೊಡಗುತ್ತವೆ. ಕೆರೆಯ ತುಂಬ ನಾಲ್ಕು ಇಂಚಿನ ಮೀನೇ ಉಳಿಯುತ್ತದೆ, ಆಮೇಲೆ ಅದನ್ನು ಸರಿಪಡಿಸುವುದು ಬಹಳ ಕಷ್ಟ. ಕೆರೆ ಖಾಲಿಯಾಗುವುದು ಬರೀ ಬೆದರಿಕೆಯ ಮಾತಲ್ಲ. ಉತ್ತರ ಮಿನ್ನೆಸೋಟದ ರೆಡ್ ಲೇಕ್‌ನಂಥ ಸಮುದ್ರದಷ್ಟು ದೊಡ್ಡ ಸರೋವರದಲ್ಲೇ ಅತಿಯಾಗಿ ಹಿಡಿದದ್ದರಿಂದ ವಾಲ್‌ಐ ಮೀನಿನ ಸಂಖ್ಯೆ ಕುಸಿದುಬಿತ್ತು. 1999ರಲ್ಲಿ ಅದನ್ನು ಹಿಡಿಯುವುದನ್ನೇ ನಿಲ್ಲಿಸಿ, ಮೂಲನಿವಾಸಿ ಬುಡಕಟ್ಟು ಮತ್ತು ಸರ್ಕಾರ ಸೇರಿ ಮರಿ ಬಿಟ್ಟು ಕಾಯ್ದು, 2006ರಲ್ಲಿ ಮತ್ತೆ ತೆರೆಯಬೇಕಾಯಿತು.

ನಡುಚಳಿಯಲ್ಲಿ ಮೀನು ಒಂದೇ ಹೊಂಡದಲ್ಲಿ ಗುಂಪುಗಟ್ಟಿರುತ್ತದೆ. ಮೇಲಿನದನ್ನೆಲ್ಲ ಸರಿಯಾಗಿ ಮಾಡಿದವರ ಕೈಗೆ ಒಂದೇ ತೂತಿನಿಂದ ಕೆರೆಯ ದೊಡ್ಡ ಮೀನುಗಳಲ್ಲಿ ಬಹುಪಾಲು ಸಿಕ್ಕಿಬಿಡಬಹುದು. ಆರು, ಏಳು ಇಂಚಿನವನ್ನು ಒಂದು ಊಟಕ್ಕಾಗುವಷ್ಟು ಇಟ್ಟುಕೊಳ್ಳಿ. ಅದಕ್ಕಿಂತ ದೊಡ್ಡದನ್ನು, ಕಾನೂನು ಇಟ್ಟುಕೊಳ್ಳಲು ಬಿಟ್ಟಿದ್ದರೂ, ಬಂದ ತೂತಿನಿಂದಲೇ ವಾಪಸ್ ಕಳಿಸಿ. ಆ ಹೊಂಡ ಎಲ್ಲಿದೆ ಎಂದು ಊರಿಗೆಲ್ಲ ಹೇಳಿಕೊಂಡು ಬರಬೇಡಿ.